ಎಫ್‌ಟಿಐಆರ್ ಯಂತ್ರದ ದುರಸ್ತಿ ಮತ್ತು ಲೇಬಲ್ ಇಲ್ಲದ ಬಾಟಲಿಗಳ ಪತ್ತೆ

ಕರಾವಳಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಹಲವು ವರ್ಷ ಚೆನ್ನಾಗಿ ದುಡಿದ ಎಫ್‌ಟಿಐಆರ್ ಯಂತ್ರವೊಂದು (ವಸ್ತುವೊಂದು ಯಾವ ಯಾವ ಅವಕೆಂಪು ಬೆಳಕನ್ನು ಹೀರುತ್ತದೆಂದು ಅಳೆಯುವ ಉಪಕರಣ), ಮಳೆಗಾಲ ಮುಗಿಯುವಷ್ಟರಲ್ಲಿ ನಂಬಲಾಗದ ರೋಹಿತಗಳನ್ನು, ಅಂದರೆ ಆ ಹೀರಿಕೆಯ ನಕ್ಷೆಗಳನ್ನು, ಕೊಡತೊಡಗಿತ್ತು. ಸಾವಯವ ಪ್ರಯೋಗಾಲಯದ ಕಪಾಟಿನಲ್ಲಿಯೂ ಅದೇ ತೇವಕ್ಕೆ ಲೇಬಲ್ ಕಳಚಿಹೋದ ಕೆಲವು ಬಾಟಲಿಗಳಿದ್ದವು. ಒಳಗಿರುವುದು ಏನೆಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ಯಂತ್ರವನ್ನು ಸರಿಪಡಿಸಿ, ಅದರಿಂದಲೇ ಆ ಬಾಟಲಿಗಳನ್ನು ಗುರುತಿಸುವುದೆಂದು ನಿರ್ಧರಿಸಿದೆವು. ಅಣುವಿನಲ್ಲಿರುವ ಕ್ರಿಯಾಗುಂಪು (ಅದರ ಗುಣವನ್ನು ನಿರ್ಧರಿಸುವ ಪರಮಾಣುಗಳ ಗುಂಪು) ಯಾವುದೆಂದು ಅವಕೆಂಪು ರೋಹಿತವನ್ನು ಕೇಳುವ ಮೊದಲು, ಆ ರೋಹಿತದಲ್ಲಿ ಯಂತ್ರದ್ದೆಷ್ಟು, ಗಾಳಿಯದ್ದೆಷ್ಟು, ಮಾದರಿಯನ್ನು ಬೆರೆಸಿ ಒತ್ತುವ ಉಪ್ಪಿನ ಬಿಲ್ಲೆಯದ್ದೆಷ್ಟು ಎಂದು ಬೇರ್ಪಡಿಸಿಕೊಂಡಿರಬೇಕು. ಈ ದಾಖಲೆ ಬಹುಪಾಲು ಆ ಬೇರ್ಪಡಿಸುವಿಕೆಯ ಕುರಿತಾದದ್ದು. ಇಲ್ಲಿ ಬರುವ ರೋಹಿತದ ಅಂಕಿಗಳೆಲ್ಲ ತರಂಗಸಂಖ್ಯೆಗಳು, ಅಂದರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಹಿಡಿಯುವ ಅಲೆಗಳ ಎಣಿಕೆ.

ದೋಷದ ಲಕ್ಷಣ

ಯಂತ್ರದ ಮಾದರಿ ಕೋಣೆಯನ್ನು ಖಾಲಿಯಿಟ್ಟು ತೆಗೆದ ಸಿಂಗಲ್ ಬೀಮ್ ರೋಹಿತದಲ್ಲಿ, ಅಂದರೆ ಡಿಟೆಕ್ಟರಿಗೆ ತಲುಪುವ ಬೆಳಕಿನ ನಕ್ಷೆಯಲ್ಲಿ, ಮೊದಲ ಸುಳಿವು ಸಿಕ್ಕಿತು. ಆರೋಗ್ಯವಾಗಿರುವ ಯಂತ್ರದಲ್ಲಿ ಈ ಶಕ್ತಿಯ ರೇಖೆ 2000ರ ಆಸುಪಾಸಿನಲ್ಲಿ ಎತ್ತರಕ್ಕೇರಿ, 4000ದ ಕಡೆಗೆ ನಿಧಾನವಾಗಿ ಇಳಿಯುತ್ತದೆ; ನಮ್ಮಲ್ಲಿ ಒಟ್ಟಾರೆ ಎತ್ತರವೂ ಕುಗ್ಗಿತ್ತು, 3000ವನ್ನು ದಾಟಿದ ಮೇಲಂತೂ ರೇಖೆ ಬಹುತೇಕ ನೆಲ ಹಿಡಿದಿತ್ತು. ಓ–ಎಚ್ (ಆಮ್ಲಜನಕ–ಹೈಡ್ರೋಜನ್) ಮತ್ತು ಎನ್–ಎಚ್ (ನೈಟ್ರೋಜನ್–ಹೈಡ್ರೋಜನ್) ಬಂಧಗಳು ಕಾಣಿಸಿಕೊಳ್ಳುವುದೇ ಆ ಭಾಗದಲ್ಲಿ. ಅಲ್ಲಿ ಬೆಳಕೇ ಇಲ್ಲದಿದ್ದರೆ ಆಲ್ಕೋಹಾಲ್ ಯಾವುದು, ಅಮೀನ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಅರ್ಥವಿಲ್ಲ.

ಯಂತ್ರದ ಹೃದಯಭಾಗ ಮೈಕಲ್‌ಸನ್ ಇಂಟರ್‌ಫೆರೋಮೀಟರ್. ಕಾದ ಸಿಲಿಕಾನ್ ಕಾರ್ಬೈಡ್ ಕಡ್ಡಿಯಿಂದ ಹೊರಟ ಅವಕೆಂಪು ಬೆಳಕನ್ನು ಬೀಮ್‌ಸ್ಪ್ಲಿಟರ್ ಎರಡಾಗಿ ಒಡೆಯುತ್ತದೆ. ಒಂದು ಪಾಲು ಸ್ಥಿರ ಕನ್ನಡಿಗೂ ಇನ್ನೊಂದು ಪಾಲು ಹಿಂದೆ ಮುಂದೆ ಸರಿಯುವ ಕನ್ನಡಿಗೂ ಹೋಗಿ ಬಂದು ಮತ್ತೆ ಕೂಡಿಕೊಳ್ಳುತ್ತವೆ. ಎರಡೂ ದಾರಿಗಳ ಉದ್ದ ಸಮವಾದ ಕ್ಷಣದಲ್ಲಿ ಎಲ್ಲ ತರಂಗಗಳೂ ಒಂದೇ ತಾಳದಲ್ಲಿ ಸೇರುವುದರಿಂದ ಡಿಟೆಕ್ಟರಿನಲ್ಲಿ ದೊಡ್ಡದೊಂದು ಚಿಮ್ಮು ಕಾಣಿಸುತ್ತದೆ. ಇದಕ್ಕೆ ಸೆಂಟರ್‌ಬರ್ಸ್ಟ್ ಎನ್ನುತ್ತೇವೆ. ಹೀಗೆ ದೊರೆತ ಇಂಟರ್‌ಫೆರೋಗ್ರಾಮನ್ನು ಫೋರಿಯರ್ ರೂಪಾಂತರಕ್ಕೆ (ಬೆರೆತ ಅಲೆಗಳನ್ನು ಬಿಡಿಬಿಡಿಯಾಗಿಸುವ ಗಣಿತಕ್ಕೆ) ಒಳಪಡಿಸಿದಾಗ ರೋಹಿತ ಹುಟ್ಟುತ್ತದೆ. ಸರಿಯುವ ಕನ್ನಡಿ ಎಲ್ಲಿದೆಯೆಂದು ಅಳೆಯುವುದು 632.8 ನ್ಯಾನೋಮೀಟರಿನ ಹೀಲಿಯಂ–ನಿಯಾನ್ ಲೇಸರ್. ಅದೂ ಅದೇ ಬೀಮ್‌ಸ್ಪ್ಲಿಟರನ್ನು ಹಾದು ಬರುತ್ತದೆ. ದೋಷ ಎಲ್ಲಿದೆಯೆಂದು ತಿಳಿಯಲು ನಮಗೆ ನೆರವಾದದ್ದು ಈ ಕೊನೆಯ ಸಂಗತಿಯೇ.

ನಮ್ಮ ಯಂತ್ರದಲ್ಲಿ ಸೆಂಟರ್‌ಬರ್ಸ್ಟ್ ತೀರ ಗಿಡ್ಡವಾಗಿತ್ತು. ಇದಕ್ಕೆ ಬೆಳಕಿನ ಮೂಲ ಸೊರಗಿರುವುದು, ಕನ್ನಡಿಯ ಹೊಂದಾಣಿಕೆ ತಪ್ಪಿರುವುದು, ಡಿಟೆಕ್ಟರ್ ಕೆಟ್ಟಿರುವುದು, ಬೀಮ್‌ಸ್ಪ್ಲಿಟರ್ ಮಬ್ಬಾಗಿರುವುದು ಎಂಬ ನಾಲ್ಕು ಕಾರಣಗಳಲ್ಲಿ ಯಾವುದಾದರೂ ಸಾಕು. ಕಡ್ಡಿ ಎಂದಿನಂತೆ ಕೆಂಡದ ಬಣ್ಣದಲ್ಲಿ ಹೊಳೆಯುತ್ತಿತ್ತು, ಅದಕ್ಕೆ ಹೋಗುವ ವಿದ್ಯುತ್ತೂ ಕೈಪಿಡಿಯ ಮಿತಿಯೊಳಗಿತ್ತು. ಬಳಿಕ ಲೇಸರಿನ ಸಂಕೇತವನ್ನು ಆಸಿಲೋಸ್ಕೋಪಿನಲ್ಲಿ ನೋಡಿದೆವು. ಕನ್ನಡಿಗಳ ಹೊಂದಾಣಿಕೆ ಮಾತ್ರ ತಪ್ಪಿದ್ದರೆ ಲೇಸರ್ ಬೆಳಕಿನ ಸರಾಸರಿ ಮಟ್ಟ ಹಾಗೆಯೇ ಉಳಿದು, ಏರಿಳಿತವಷ್ಟೇ ಕುಗ್ಗಬೇಕಿತ್ತು; ಇಲ್ಲಿ ಸರಾಸರಿ ಮಟ್ಟವೇ ಬಿದ್ದುಹೋಗಿತ್ತು. ಲೇಸರ್ ಕೊಳವೆಯ ಬಾಯಿಯ ಬಳಿ ಬಿಳಿ ಕಾಗದ ಹಿಡಿದರೆ ಚುಕ್ಕೆ ಪ್ರಕಾಶಮಾನವಾಗಿತ್ತು, ಬೀಮ್‌ಸ್ಪ್ಲಿಟರಿನ ಆಚೆ ಹಿಡಿದರೆ ಮಂಕಾಗಿ, ಸುತ್ತ ಕೆಂಪು ಪ್ರಭೆ ಹರಡಿಕೊಂಡಿತ್ತು. ಮಬ್ಬಾದ ಮೈ ಬೆಳಕನ್ನು ಚದುರಿಸುತ್ತದೆ, ತರಂಗಾಂತರ ಚಿಕ್ಕದಾದಷ್ಟೂ ಹೆಚ್ಚು ಚದುರಿಸುತ್ತದೆ. ಹೆಚ್ಚಿನ ತರಂಗಸಂಖ್ಯೆಯ ಕಡೆಯೇ ರೇಖೆ ನೆಲಕಚ್ಚಿದ್ದಕ್ಕೆ ವಿವರಣೆ ಅಲ್ಲಿಗೆ ಸಿಕ್ಕಿತು. ಈ ಪರೀಕ್ಷೆ ಮಾಡುವಾಗ ಲೇಸರಿನ ನೇರಕ್ಕೆ ಎಂದೂ ಕಣ್ಣಿಡಬಾರದು, ಕನ್ನಡಿಗಳಿಂದ ಮರಳುವ ಕಿರಣದ ನೇರಕ್ಕೂ ಇಡಬಾರದು.

ಪೆಟ್ಟಿಗೆ ತೆರೆದದ್ದು

ಲೇಸರಿನ ವಿದ್ಯುತ್ ಪೂರೈಕೆಯಲ್ಲಿ ಸಾವಿರಾರು ವೋಲ್ಟ್ ಇರುವುದರಿಂದ, ಪ್ಲಗ್ ಕಿತ್ತು ಸಾಕಷ್ಟು ಹೊತ್ತು ಬಿಟ್ಟ ಮೇಲೆಯೇ ಮುಚ್ಚಳದ ತಿರುಪುಗಳಿಗೆ ಕೈ ಹಾಕಿದೆವು. ಒಳಗಿನ, ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಗಳಲ್ಲಿ ನೀಲಿ ಹರಳು ಒಂದೂ ಉಳಿದಿರಲಿಲ್ಲ, ಎಲ್ಲವೂ ತೇವ ತುಂಬಿ ನಸುಗೆಂಪಾಗಿದ್ದವು. ಅದಕ್ಕಿಂತ ಮುಖ್ಯವಾದದ್ದು ಮುಚ್ಚಳದ ಅಂಚಿನ ರಬ್ಬರ್ ಗ್ಯಾಸ್ಕೆಟ್. ಅದು ಗಟ್ಟಿಯಾಗಿ, ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಸಿಲಿಕಾ ಜೆಲ್ ಬದಲಿಸಿದರಷ್ಟೇ ಸಾಲದು, ತೇವ ಬರುವ ದಾರಿಯನ್ನು ಮುಚ್ಚದಿದ್ದರೆ ಹೊಸ ಜೆಲ್ಲಿಗೂ ಇದೇ ಗತಿ.

ಬೀಮ್‌ಸ್ಪ್ಲಿಟರ್ ಎಂದರೆ ಪೊಟ್ಯಾಸಿಯಂ ಬ್ರೋಮೈಡಿನ (ಕೆಬಿಆರ್) ತಟ್ಟೆಯ ಮೇಲೆ ಜರ್ಮೇನಿಯಂನ ತೆಳು ಲೇಪ. ಈ ಉಪ್ಪು ಸುಮಾರು 400ರವರೆಗೂ ಅವಕೆಂಪು ಬೆಳಕನ್ನು ಬಿಟ್ಟುಕೊಡುವುದರಿಂದ ಇದಕ್ಕೆ ಇಷ್ಟು ಬೇಡಿಕೆ. ಆದರೆ ನೀರಿನಲ್ಲಿ ಸುಲಭವಾಗಿ ಕರಗುವ ಉಪ್ಪಾದ್ದರಿಂದ ತೇವದ ಗಾಳಿಯಲ್ಲಿ ಅದರ ನುಣುಪು ಮೈ ಹಾಳಾಗುತ್ತದೆ. ನಮ್ಮದನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಮೇಲೆಲ್ಲ ಹಾಲಿನಂಥ ಪೊರೆ ಕಂಡಿತು. ಇದನ್ನು ಉಜ್ಜಿ ಸರಿಪಡಿಸಬಹುದೇ ಎಂದು ವಿದ್ಯಾರ್ಥಿಗಳು ಕೇಳಿದರು. ಸಾಧ್ಯವಿಲ್ಲ: ಉಜ್ಜಿದರೆ ಲೇಪವೂ ಹೋಗುತ್ತದೆ, ಬೆಳಕಿನ ಅಲೆಯ ಒಂದು ಸಣ್ಣ ಅಂಶದಷ್ಟು ನಿಖರವಾಗಿರಬೇಕಾದ ಸಮತಲವೂ ಹೋಗುತ್ತದೆ. ತೇವಕ್ಕೆ ಬಗ್ಗದ ಜಿಂಕ್ ಸೆಲೆನೈಡ್ ಬೀಮ್‌ಸ್ಪ್ಲಿಟರಿನ ಬಗ್ಗೆಯೂ ಯೋಚಿಸಿದ್ದೆವು. ಆದರೆ ಅದರ ವ್ಯಾಪ್ತಿ ಕೆಳಗಿನ ತುದಿಯಲ್ಲಿ ಬೇಗನೆ ಮುಗಿಯುತ್ತದೆ, ಬೆಲೆಯೂ ಹೆಚ್ಚು. ಬೆಂಜೀನ್ ಉಂಗುರಕ್ಕೆ ಹೈಡ್ರೋಜನ್ನಿನ ಬದಲು ಸೇರಿದ ಗುಂಪುಗಳ ಸ್ಥಾನ ಹೇಳುವ 900ರಿಂದ 650ರವರೆಗಿನ ಭಾಗ ನಮ್ಮ ಪಾಠಗಳಿಗೆ ದಿನವೂ ಬೇಕಾದ್ದರಿಂದ, ಅದೇ ಮಾದರಿಯ ಕೆಬಿಆರ್ ಬೀಮ್‌ಸ್ಪ್ಲಿಟರನ್ನೇ ತರಿಸಿದೆವು.

ಮಾದರಿ ಕೋಣೆಯ ಎರಡು ಪಕ್ಕಗಳಲ್ಲಿರುವ ಕೆಬಿಆರ್ ಕಿಟಕಿಗಳ ವಿಷಯ ಬೇರೆ. ಅವಕ್ಕೆ ಲೇಪವಿಲ್ಲ, ಸಮತಲದ ಬಗ್ಗೆ ಅಷ್ಟು ಕಟ್ಟುನಿಟ್ಟೂ ಇಲ್ಲ. ಗಾಜಿನ ಫಲಕದ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಮೆತ್ತನೆಯ ಬಟ್ಟೆಗೆ ಸೀರಿಯಂ ಆಕ್ಸೈಡ್ ಪುಡಿ ಹಾಕಿ, ನಿರ್ಜಲ ಎಥನಾಲಿನಿಂದ ತುಸುವೇ ತೋಯಿಸಿ, ಎಂಟರ ಅಂಕಿಯ ಆಕಾರದಲ್ಲಿ ಹಗುರವಾಗಿ ಉಜ್ಜುತ್ತ ಹೋದೆವು. ಕೊನೆಯ ಸುತ್ತನ್ನು ಒಣಬಟ್ಟೆಯ ಮೇಲೆ ಮುಗಿಸಿದೆವು. ಬೆರಳಿನ ಬೆವರೂ ಈ ಉಪ್ಪನ್ನು ತಿನ್ನುವುದರಿಂದ ಕೈಗವಸಿಲ್ಲದೆ ಕಿಟಕಿಯನ್ನು ಮುಟ್ಟಬಾರದು. ಈ ಕೆಲಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಮ್ಮೆ ಕಿಟಕಿ ಉಜ್ಜಿದವರು ಆಮೇಲೆ ಒದ್ದೆ ಮಾದರಿಯನ್ನು ಯಂತ್ರದ ಹತ್ತಿರ ತರುವುದಿಲ್ಲ.

ಹೊಸ ಗ್ಯಾಸ್ಕೆಟ್ ಕೂರಿಸಿ, ಸಿಲಿಕಾ ಜೆಲ್ಲನ್ನು 120 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ನೀಲಿ ಮರಳುವವರೆಗೆ ಕಾಯಿಸಿ ತುಂಬಿದೆವು. ಹೊಸ ಬೀಮ್‌ಸ್ಪ್ಲಿಟರಿನ ಪೊಟ್ಟಣವನ್ನು ಹವಾನಿಯಂತ್ರಿತ ಕೋಣೆಯ ತಾಪಕ್ಕೆ ಬರುವವರೆಗೂ ಬಿಚ್ಚಲಿಲ್ಲ. ತಣ್ಣಗಿರುವ ಉಪ್ಪಿನ ಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಜೋಡಿಸಿದ ಮೇಲೆ ಸ್ಥಿರ ಕನ್ನಡಿಯ ಹೊಂದಾಣಿಕೆ ತಿರುಪುಗಳನ್ನು ಒಂದಾದ ಮೇಲೊಂದರಂತೆ ಕೂದಲೆಳೆಯಷ್ಟು ತಿರುಗಿಸುತ್ತ, ಸೆಂಟರ್‌ಬರ್ಸ್ಟ್ ಗರಿಷ್ಠಕ್ಕೇರುವ ಜಾಗ ಹಿಡಿದೆವು. ಅಂದಿನಿಂದ ಯಂತ್ರವನ್ನು ರಾತ್ರಿಯೂ ಆರಿಸುವುದಿಲ್ಲ, ಏಕೆಂದರೆ ಒಳಗಿನ ಬಿಸಿಯೇ ತೇವಕ್ಕೆ ಮೊದಲ ತಡೆ.

ಯಂತ್ರವನ್ನು ನಂಬುವ ಮೊದಲು

ಹೊಸ ಹಿನ್ನೆಲೆ ರೋಹಿತದಲ್ಲಿ (ಮಾದರಿಯಿಲ್ಲದೆ ತೆಗೆದು, ಹೋಲಿಕೆಗೆ ಇಡುವ ರೋಹಿತ) ರೇಖೆ 4000ದವರೆಗೂ ಎತ್ತರವಾಗಿಯೇ ನಿಂತಿತು. ಅದರ ಮೇಲೆ ಕೆತ್ತಿದಂತೆ ಕಾಣುವ ಸೂಕ್ಷ್ಮ ಗೆರೆಗಳು ಮಾತ್ರ ಉಳಿದವು: 3900–3500 ಮತ್ತು 1900–1300ರ ನಡುವಿನ ಗೆರೆಗಳು ನೀರಾವಿಯವು, 2350ರ ಬಳಿಯ ಜೋಡಿ ಪಟ್ಟಿ ಮತ್ತು 667ರ ಚೂಪು ಗೆರೆ ಕಾರ್ಬನ್ ಡೈಆಕ್ಸೈಡಿನವು. ಹಿನ್ನೆಲೆ ತೆಗೆದ ಗಳಿಗೆಗೂ ಮಾದರಿ ತೆಗೆದ ಗಳಿಗೆಗೂ ಕೋಣೆಯ ಗಾಳಿ ಬದಲಾದರೆ ಇವು ಪೂರ್ತಿ ಕಳೆದುಹೋಗದೆ ಉಳಿಯುತ್ತವೆ. 2350ರ ಪಟ್ಟಿಯನ್ನು ಕಂಡು ನೈಟ್ರೈಲ್ (ಇಂಗಾಲ–ನೈಟ್ರೋಜನ್ ತ್ರಿಬಂಧದ ಗುಂಪು) ಇರಬಹುದೆಂದು ಶಂಕಿಸುವ ವಿದ್ಯಾರ್ಥಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ನೈಟ್ರೈಲ್ ಬರುವುದು 2260 ಮತ್ತು 2200ರ ನಡುವೆ, ಒಂದೇ ಚೂಪು ಪಟ್ಟಿಯಾಗಿ.

ಒಣ ನೈಟ್ರೋಜನ್ ಹಾಯಿಸಿದರೆ ಈ ಗೆರೆಗಳು ಅಡಗುತ್ತವೆ. ನೈಟ್ರೋಜನ್ನೇ ಏಕೆ ಅಡ್ಡಿಯಾಗುವುದಿಲ್ಲ ಎಂಬುದರಲ್ಲಿ ಇಡೀ ವಿಧಾನದ ತಿರುಳಿದೆ. ಬಂಧ ಕಂಪಿಸುವಾಗ ಅಣುವಿನ ದ್ವಿಧ್ರುವ ಭ್ರಾಮಕ, ಅಂದರೆ ಧನ–ಋಣ ಆವೇಶಗಳ ಪ್ರತ್ಯೇಕತೆಯ ಅಳತೆ, ಬದಲಾದರೆ ಮಾತ್ರ ಅದು ಅವಕೆಂಪು ಬೆಳಕನ್ನು ಹೀರುತ್ತದೆ. ಎರಡು ಸಮಾನ ಪರಮಾಣುಗಳ ನೈಟ್ರೋಜನ್ ಅಣು ಎಷ್ಟು ಹಿಗ್ಗಿ ಕುಗ್ಗಿದರೂ ದ್ವಿಧ್ರುವ ಹುಟ್ಟುವುದಿಲ್ಲವಾದ್ದರಿಂದ ಅದು ಈ ಯಂತ್ರಕ್ಕೆ ಅಗೋಚರ. ಅಂಥ ಸಮ್ಮಿತಿಯ ಕಂಪನಗಳನ್ನು ನೋಡಲು 1928ರಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ಬೆಳಕಿನ ಚದುರುವಿಕೆಯ ದಾರಿಯೇ ಬೇಕು. ಕಾರ್ಬೊನಿಲ್ ಗುಂಪಿನಲ್ಲಿ ಇಂಗಾಲ ಮತ್ತು ಆಮ್ಲಜನಕದ ನಡುವೆ ಆವೇಶದ ಅಸಮಾನತೆ ದೊಡ್ಡದು. ಆದ್ದರಿಂದ ರೋಹಿತದ ಅತಿ ಬಲವಾದ ಪಟ್ಟಿ ಸಾಮಾನ್ಯವಾಗಿ ಅದರದ್ದೇ.

ಬಳಿಕ, ಪಟ್ಟಿಗಳ ಸ್ಥಾನ ಮೊದಲೇ ಖಚಿತವಾಗಿ ಗೊತ್ತಿರುವ ಪಾಲಿಸ್ಟೈರೀನ್ ಪೊರೆಯ ಪರೀಕ್ಷೆ. ಪೊರೆಯ ಪಟ್ಟಿಗಳು 3060.0, 2849.5, 1601.2, 1583.0, 1154.5 ಮತ್ತು 1028.3ರಲ್ಲಿ ಬರಬೇಕು. ನಮ್ಮಲ್ಲಿ ಎಲ್ಲವೂ ಒಂದು ಅಂಕಿಯ ವ್ಯತ್ಯಾಸದೊಳಗೆ ಬಂದವು. ಸ್ಥಾನವಷ್ಟೇ ನೋಡಿದರೆ ಸಾಲದು, ಹತ್ತಿರ ಹತ್ತಿರದ ಪಟ್ಟಿಗಳನ್ನು ಯಂತ್ರ ಬಿಡಿಸಿ ತೋರಿಸುತ್ತದೆಯೇ ಎಂಬುದನ್ನೂ ನೋಡಬೇಕು. 2870ರ ತಗ್ಗಿಗೂ 2849.5ರ ಎತ್ತರಕ್ಕೂ ನಡುವಿನ ಹೀರಿಕೆಯ ಅಂತರ 0.33ಕ್ಕಿಂತ ಹೆಚ್ಚಿರಬೇಕೆಂಬ ನಿಯಮವನ್ನು ಅನುಸರಿಸಿದೆವು. ಈ ರೋಹಿತವನ್ನು ಮುದ್ರಿಸಿ ಯಂತ್ರದ ಪಕ್ಕದಲ್ಲೇ ಅಂಟಿಸಿದ್ದೇವೆ.

ಬಿಲ್ಲೆ ಮಾಡುವುದು

ಘನ ಮಾದರಿಗಳಿಗೆ ಕೆಬಿಆರ್ ಪೆಲೆಟ್ ವಿಧಾನವನ್ನೇ ಬಳಸಿದೆವು. ಒಂದೆರಡು ಮಿಲಿಗ್ರಾಂ ಮಾದರಿಗೆ ಸುಮಾರು 200 ಮಿಲಿಗ್ರಾಂ ಒಣ ಕೆಬಿಆರ್ ಸೇರಿಸಿ, ಅಗೇಟ್ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, 13 ಮಿಲಿಮೀಟರ್ ಡೈಯಲ್ಲಿ (ಅಚ್ಚಿನಲ್ಲಿ) ಹಾಕಿ, ಗಾಳಿ ಎಳೆದು, ಎಂಟು ಟನ್ನಿನಷ್ಟು ಒತ್ತಡ ಕೊಟ್ಟರೆ ಗಾಜಿನಂತೆ ಪಾರದರ್ಶಕವಾದ ಬಿಲ್ಲೆ ದೊರೆಯುತ್ತದೆ. ಮಾದರಿಯನ್ನು ಮೊದಲು ಒಂಟಿಯಾಗಿ ಚೆನ್ನಾಗಿ ಅರೆದು, ಆಮೇಲೆ ಉಪ್ಪು ಬೆರೆಸಬೇಕು. ಹರಳುಗಳು ದಪ್ಪವಾಗಿ ಉಳಿದರೆ ಅವು ಬೆಳಕನ್ನು ಚದುರಿಸಿ ಪಟ್ಟಿಗಳ ಆಕಾರವನ್ನೇ ವಕ್ರಗೊಳಿಸುತ್ತವೆ. ಉಪ್ಪನ್ನು ಮಾದರಿಯ ಜೊತೆ ಬಹಳ ಹೊತ್ತು ಅರೆದರೆ ಅದು ಗಾಳಿಯಿಂದ ನೀರು ಎಳೆದುಕೊಂಡು 3440 ಮತ್ತು 1640ರಲ್ಲಿ ತನ್ನದೇ ಗುರುತು ಬಿಡುತ್ತದೆ. ಈ ಕಾರಣಕ್ಕೆ ಪ್ರತಿ ಸರದಿಯಲ್ಲೂ ಮಾದರಿಯಿಲ್ಲದ ಖಾಲಿ ಬಿಲ್ಲೆಯೊಂದರ ರೋಹಿತ ತೆಗೆದಿಟ್ಟೆವು. 3440ರ ಹೀರಿಕೆ ಖಾಲಿ ಬಿಲ್ಲೆಯಲ್ಲೂ ಅಷ್ಟೇ ಇದ್ದರೆ ಅದನ್ನು ಓ–ಎಚ್ ಗುಂಪೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಾಟಲಿಗಳು

ಓದುವ ಕ್ರಮದ ಬಗ್ಗೆ ನನಗೊಂದು ದೃಢವಾದ ಅಭಿಪ್ರಾಯವಿದೆ: ಇರುವ ಪಟ್ಟಿಗಳಿಗಿಂತ ಮೊದಲು ಇಲ್ಲದ ಪಟ್ಟಿಗಳನ್ನು ಬರೆದುಕೊಳ್ಳಬೇಕು. 1200ರ ಬಳಿ ಪಟ್ಟಿಯಿದೆ ಎಂದರೆ ಅದು ಹತ್ತು ಗುಂಪುಗಳದ್ದಾಗಿರಬಹುದು. 1800 ಮತ್ತು 1650ರ ನಡುವೆ ಬಲವಾದ ಪಟ್ಟಿ ಇಲ್ಲ ಎಂದರೆ ಕೀಟೋನ್, ಆಲ್ಡಿಹೈಡ್, ಆಮ್ಲ, ಎಸ್ಟರ್‌ಗಳೆಲ್ಲ ಒಂದೇ ಏಟಿಗೆ ಲೆಕ್ಕದಿಂದ ಹೊರಗೆ. ಈ ಸ್ಥಾನಗಳು ಬಾಯಿಪಾಠದ ವಿಷಯವಲ್ಲ. ಬಂಧವನ್ನು ಎರಡು ತೂಕಗಳ ನಡುವಿನ ಸ್ಪ್ರಿಂಗ್ ಎಂದು ಭಾವಿಸಿ, ಕಾರ್ಬೊನಿಲ್ ಬಂಧದ ಬಲಾಂಕವನ್ನು (ಆ ಸ್ಪ್ರಿಂಗಿನ ಬಿಗಿತವನ್ನು) ಮೀಟರಿಗೆ 1200 ನ್ಯೂಟನ್ ಎಂದು ಇಟ್ಟುಕೊಂಡು, ಇಂಗಾಲ–ಆಮ್ಲಜನಕಗಳ ಸಂಕ್ಷಿಪ್ತ ದ್ರವ್ಯರಾಶಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಸುಮಾರು 1720 ಬರುತ್ತದೆ. ಬಂಧವನ್ನು ಸಡಿಲಗೊಳಿಸುವ ಯಾವುದೇ ಪ್ರಭಾವ ಈ ಅಂಕಿಯನ್ನು ಕೆಳಗೆ ಎಳೆಯುತ್ತದೆ, ಬಿಗಿಗೊಳಿಸುವುದು ಮೇಲಕ್ಕೆ ತಳ್ಳುತ್ತದೆ. ಮುಂದಿನ ಬಾಟಲಿಗಳನ್ನು ಗುರುತಿಸಿದ್ದು ಬಹುಮಟ್ಟಿಗೆ ಇದೊಂದರ ಮೇಲೆಯೇ.

ಮೊದಲನೆಯದು ಬಾದಾಮಿಯ ವಾಸನೆಯ ದ್ರವ. ಬಾಟಲಿಯ ಕುತ್ತಿಗೆಯ ಸುತ್ತ ಬಿಳಿ ಹರಳು ಕಟ್ಟಿತ್ತು. ಎರಡು ಉಪ್ಪಿನ ತಟ್ಟೆಗಳ ನಡುವೆ ಒಂದು ಹನಿ ಹರಡಿ ತೆಗೆದ ರೋಹಿತದಲ್ಲಿ 1703ರ ಬಳಿ ಬಲವಾದ ಕಾರ್ಬೊನಿಲ್, 1597 ಮತ್ತು 1584ರಲ್ಲಿ ಬೆಂಜೀನ್ ಉಂಗುರ, ಜೊತೆಗೆ 2820 ಮತ್ತು 2738ರ ಆಸುಪಾಸಿನ ಜೋಡಿ ಪಟ್ಟಿ ಕಂಡವು. ಈ ಜೋಡಿ ಆಲ್ಡಿಹೈಡಿನ ಸಿ–ಎಚ್ ಬಂಧದ್ದು. ಅದರ ಹಿಗ್ಗುವ ಕಂಪನವೂ ಬಾಗುವ ಕಂಪನದ ಇಮ್ಮಡಿಯೂ ಸರಿಸುಮಾರು ಒಂದೇ ಜಾಗಕ್ಕೆ ಬಂದು ಪರಸ್ಪರ ಬೆರೆಯುವುದರಿಂದ ಒಂದರ ಬದಲು ಎರಡು ಕಾಣುತ್ತವೆ. ದ್ರವ ಬೆಂಜಾಲ್ಡಿಹೈಡ್ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೆ 3300ರಿಂದ 2500ರವರೆಗೆ ತಳರೇಖೆ ಅಗಲವಾಗಿ ತಗ್ಗಿತ್ತು, ಕಾರ್ಬೊನಿಲ್ ಪಟ್ಟಿಯ ಬಲಮಗ್ಗುಲಲ್ಲಿ ಸಣ್ಣ ಭುಜವೂ (ಅಂಟಿಕೊಂಡ ಉಬ್ಬು) ಇತ್ತು. ಕುತ್ತಿಗೆಯ ಹರಳುಗಳನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಿ ಬಿಲ್ಲೆ ಮಾಡಿದಾಗ ಅದೇ ಅಗಲವಾದ ತಗ್ಗು ಪೂರ್ಣರೂಪದಲ್ಲಿ ಕಂಡಿತು. ಕಾರ್ಬೊನಿಲ್ 1688ರ ಬಳಿಯಿತ್ತು, 935ರ ಆಸುಪಾಸಿನಲ್ಲಿ ಜೋಡಿಗೂಡಿದ ಆಮ್ಲದ ಅಣುಗಳಿಗೆ ವಿಶಿಷ್ಟವಾದ ಪಟ್ಟಿಯೂ ಇತ್ತು. ಗಾಳಿಯ ಆಮ್ಲಜನಕ ಆಲ್ಡಿಹೈಡನ್ನು ಬೆಂಜೋಯಿಕ್ ಆಮ್ಲವಾಗಿಸಿತ್ತು. ಹರಳು 122 ಡಿಗ್ರಿಯಲ್ಲಿ ಕರಗಿ ಇದನ್ನು ದೃಢಪಡಿಸಿತು.

ಎರಡು ಬಿಳಿ ಪುಡಿಗಳ ಬಾಟಲಿಗಳು ಪಕ್ಕಪಕ್ಕದಲ್ಲಿದ್ದವು. ಒಂದನ್ನು ತೆರೆದರೆ ವಿನೆಗರಿನ ವಾಸನೆ ಬರುತ್ತಿತ್ತು. ವಾಸನೆಯಿಲ್ಲದ ಪುಡಿಯ ರೋಹಿತದಲ್ಲಿ 1700ಕ್ಕಿಂತ ಮೇಲೆ ಕಾರ್ಬೊನಿಲ್ ಏನೂ ಇರಲಿಲ್ಲ. ಹಾಗಾಗಿ ಎಸ್ಟರ್ ಅಲ್ಲ. ಇದ್ದ ಒಂದೇ ಕಾರ್ಬೊನಿಲ್ ಪಟ್ಟಿ 1660ರ ಬಳಿಗೆ ಇಳಿದಿತ್ತು, 3235ರ ಸುಮಾರಿಗೆ ಓ–ಎಚ್ ಎದ್ದು ಕಾಣುತ್ತಿತ್ತು. ಸಾಮಾನ್ಯ ಆರೊಮ್ಯಾಟಿಕ್ ಆಮ್ಲದ ಕಾರ್ಬೊನಿಲ್ ಇಷ್ಟು ಕೆಳಗೆ ಇಳಿಯುವುದಿಲ್ಲ. ಪಕ್ಕದ ಇಂಗಾಲದ ಮೇಲಿರುವ ಓ–ಎಚ್ ಅದೇ ಅಣುವಿನೊಳಗೆ ಕಾರ್ಬೊನಿಲ್ಲಿನ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧ ಹೂಡಿದಾಗ ಸಿ=ಓ ಸಡಿಲವಾಗುತ್ತದೆ. ಇದು ಸ್ಯಾಲಿಸಿಲಿಕ್ ಆಮ್ಲ. 158–159 ಡಿಗ್ರಿಯಲ್ಲಿ ಕರಗಿತು. ಓ–ಎಚ್ ಉಂಗುರದ ಎದುರು ತುದಿಯಲ್ಲಿದ್ದು ಇಂಥ ಒಳಬಂಧ ಸಾಧ್ಯವಿಲ್ಲದ ಪ್ಯಾರಾ ರೂಪ 210 ಡಿಗ್ರಿಯನ್ನೂ ದಾಟಿದ ಮೇಲೆ ಕರಗುವಂಥದ್ದು.

ವಿನೆಗರ್ ವಾಸನೆಯ ಪುಡಿಯಲ್ಲಿ ಎರಡು ಕಾರ್ಬೊನಿಲ್‌ಗಳಿದ್ದವು: 1755ರ ಬಳಿ ಎಸ್ಟರ್, 1690ರ ಬಳಿ ಆಮ್ಲ. ಇದು ವಿದ್ಯಾರ್ಥಿಗಳು ಹಿಂದೆ ತಯಾರಿಸಿದ್ದ ಆಸ್ಪಿರಿನ್. ಎಸ್ಟರಿನ ಪಟ್ಟಿ ಸಾಮಾನ್ಯ 1740ಕ್ಕಿಂತ ಮೇಲಿರುವುದೂ ಅರ್ಥಪೂರ್ಣ; ಎಸ್ಟರಿನ ಆಮ್ಲಜನಕ ತನ್ನ ಇಲೆಕ್ಟ್ರಾನುಗಳನ್ನು ಉಂಗುರದ ಕಡೆಗೂ ಹಂಚಬೇಕಾಗಿರುವುದರಿಂದ ಕಾರ್ಬೊನಿಲ್ಲಿಗೆ ಸಿಗುವ ಪಾಲು ಕಡಿಮೆ, ಬಂಧ ಹೆಚ್ಚು ಬಿಗಿ. ಇದರ ರೋಹಿತದಲ್ಲೂ 1660ರಲ್ಲೊಂದು ಭುಜ ಮತ್ತು 3235ರಲ್ಲೊಂದು ಸಣ್ಣ ಪಟ್ಟಿ ಇದ್ದವು. ನೀರಿನ ಗುರುತು ಬರುವ 3440 ಮತ್ತು 1640ಕ್ಕಿಂತ ಇವು ಬೇರೆ ಜಾಗದಲ್ಲಿವೆ, ಖಾಲಿ ಬಿಲ್ಲೆಯಲ್ಲೂ ಇರಲಿಲ್ಲ. ಆದ್ದರಿಂದ ಇವು ಮಾದರಿಯದ್ದೇ. ತೇವದಿಂದ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಆಗತೊಡಗಿತ್ತು. ಫೆರಿಕ್ ಕ್ಲೋರೈಡ್ ಹನಿಸಿದಾಗ ನೇರಳೆ ಬಣ್ಣ ಬಂತು. ಶುದ್ಧ ಆಸ್ಪಿರಿನ್ ಈ ಬಣ್ಣ ಕೊಡುವುದಿಲ್ಲ.

ಕೊನೆಯದು ಹಳದಿ ಹರಳು. ಕಾರ್ಬೊನಿಲ್ ಪ್ರದೇಶ ಖಾಲಿಯಿದ್ದುದರಿಂದ ಅಮೈಡ್ ಅಲ್ಲವೆಂದಾಯಿತು. 3430 ಮತ್ತು 3340ರ ಸುಮಾರಿಗೆ ಎರಡು ಎನ್–ಎಚ್ ಪಟ್ಟಿಗಳಿದ್ದವು. ಎರಡಿದ್ದರೆ ಪ್ರಾಥಮಿಕ ಅಮೀನ್, ದ್ವಿತೀಯಕದಲ್ಲಿ ಒಂದೇ ಇರುತ್ತದೆ. 1620ರ ಬಳಿಯ ಪಟ್ಟಿ ಎನ್‌ಎಚ್2 ಗುಂಪಿನ ಕತ್ತರಿಯಾಡುವ ಕಂಪನದ್ದು. 1525 ಮತ್ತು 1350ರ ಆಸುಪಾಸಿನ ಎರಡು ಬಲವಾದ ಪಟ್ಟಿಗಳು ನೈಟ್ರೋ ಗುಂಪಿನವು. ನೈಟ್ರೋಅನಿಲೀನ್ ಎನ್ನುವವರೆಗೆ ರೋಹಿತ ಕರೆದೊಯ್ದಿತು. ಆದರೆ ಎರಡು ಗುಂಪುಗಳ ಪರಸ್ಪರ ಸ್ಥಾನದ ಬಗ್ಗೆ, 900ಕ್ಕಿಂತ ಕೆಳಗಿನ ಪಟ್ಟಿಗಳನ್ನು ನಂಬಿ ತೀರ್ಪು ಕೊಡಲು ನಾನು ಒಪ್ಪಲಿಲ್ಲ. ಉಂಗುರಕ್ಕೆ ನೈಟ್ರೋ ಗುಂಪು ಕೂತಾಗ ಅಲ್ಲಿನ ಪಟ್ಟಿಗಳು ಪಠ್ಯಪುಸ್ತಕದ ಕೋಷ್ಟಕಕ್ಕೆ ಸರಿಯಾಗಿ ಹೊಂದುವುದಿಲ್ಲ. ಮೂರು ರೂಪಗಳ ಕರಗುವ ಬಿಂದುಗಳು ದೂರದೂರ ಇವೆ: ಆರ್ಥೋ (ಗುಂಪುಗಳು ಅಕ್ಕಪಕ್ಕ) 71ರ ಬಳಿ, ಮೆಟಾ (ನಡುವೆ ಒಂದು ಸ್ಥಾನ ಬಿಟ್ಟು) 114ರ ಬಳಿ, ಪ್ಯಾರಾ (ಎದುರುಬದುರು) 148ರ ಬಳಿ. ನಮ್ಮ ಹರಳು 113–114 ಡಿಗ್ರಿಯಲ್ಲಿ ಕರಗಿತು. ಲೇಬಲ್ ಇರುವ ಬಾಟಲಿಯ ಮೆಟಾ-ನೈಟ್ರೋಅನಿಲೀನ್ ಬೆರೆಸಿ ನೋಡಿದಾಗಲೂ ಕರಗುವ ಬಿಂದು ಇಳಿಯಲಿಲ್ಲ; ಬೇರೆ ವಸ್ತುವಾಗಿದ್ದರೆ ಇಳಿಯಬೇಕಿತ್ತು. ಹೊಸ ಲೇಬಲ್ಲಿನ ಮೇಲೆ ಹೆಸರಿನ ಜೊತೆಗೆ ರೋಹಿತದ ಕಡತದ ಸಂಖ್ಯೆ, ಕರಗುವ ಬಿಂದು ಮತ್ತು ವಿಷಕಾರಿ ಎಂಬ ಎಚ್ಚರಿಕೆಯನ್ನು ಪೆನ್ಸಿಲಿನಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿದೆವು.